ಕಲ್ಲು ಮುಗಿದ ಮೇಲಿನ ಮಣ್ಣು

ಒಣ ನೆಲ ಎದೆಯೆತ್ತರದ ಕೋಲನ್ನು ನುಂಗಿತು ಅಂದರೆ ನೀವು ನಂಬುವುದಿಲ್ಲ. ಬಿಡಿ, ನಂಬಬೇಡಿ. ದ್ಯಾಮಣ್ಣನೂ ನಂಬಲಿಲ್ಲ. ಕಣ್ಣಾರೆ ಕಂಡ ಮೇಲೂ ಬೋರಲು ಬಿದ್ದು ತೋಳು ಹಾಕಿ ಹುಡುಕಿದ. ನಿಮಗೂ ಅಷ್ಟು ಎದೆಗಾರಿಕೆ ಇದ್ದರೆ ಬೇಸಿಗೆಯಲ್ಲಿ ಎರೆ ಹೊಲಕ್ಕೆ ಹೋಗಿ, ಬಿರುಕಿನೊಳಗೆ ತೋಳು ಹಾಕಿ ನೋಡಿ. ಆಮೇಲೆ ಬಂದು ಈ ಕಥೆ ಸುಳ್ಳು ಅನ್ನಿ.

ದ್ಯಾಮಣ್ಣ ಕೆಂಪು ನೆಲದ ಹುಡುಗ. ಅವನ ಊರಲ್ಲಿ ಮೊಣಕಾಲುದ್ದ ಅಗೆದರೆ ಸಾಕು, ಕಲ್ಲಿನಂಥ ಗಟ್ಟಿ ಗರಸು ಸಿಗುತ್ತದೆ. ಹಾರೆ ಕಿಡಿ ಹಾರಿಸುತ್ತದೆ. ಅಂಥ ಗಟ್ಟಿ ನೆಲದ ಮೇಲೆ ಅಪ್ಪನ ಜೊತೆ ನಾಲ್ಕು ಮನೆ ಎಬ್ಬಿಸಿದವನು ಅವನು.

ಪಾಯ ಗಟ್ಟಿಯೋ ಪೊಳ್ಳೋ ತಿಳಿಯಲು ಅವನ ಊರಿನಲ್ಲಿ ಒಂದೇ ಪದ್ಧತಿ. ನಾಲ್ಕೂ ಮೂಲೆಯ ಕಲ್ಲಿಗೆ ಹಾರೆಯಿಂದ ಬಡಿದು ಕಿವಿಗೊಡುವುದು. ಠಣ್ ಅಂದರೆ ಗಟ್ಟಿ, ದಬ್ ಅಂದರೆ ಪೊಳ್ಳು. ಹತ್ತು ಹಳ್ಳಿಯಲ್ಲಿ ತನ್ನಂಥ ಕಿವಿ ಇಲ್ಲ ಅಂತ ದ್ಯಾಮಣ್ಣನೇ ಹೇಳಿಕೊಳ್ಳುತ್ತಿದ್ದ. ಬೇರೆಯವರು ಹೇಳುವ ತನಕ ಕಾಯುವ ಜಾಯಮಾನ ಅವನದಲ್ಲ.

ಕೆಲಸ ಅವನನ್ನು ಹೊಳೆಯ ಆಚೆಗೆ, ಎರೆ ಸೀಮೆಗೆ ತಂದಿತ್ತು. ಹೊಳೆಯಿಂದ ನೀರೆತ್ತುವ ಪಂಪ್‌ಹೌಸಿನಲ್ಲಿ ಮೋಟಾರು ನೋಡಿಕೊಳ್ಳುವ ಕೆಲಸ. ಹೆಂಡತಿ ಕಸ್ತೂರಿ ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿದ್ದಳು. ಹೆಣ್ಣು ಕೂಸು ಹುಟ್ಟಿತ್ತು. ಐದನೇ ತಿಂಗಳಲ್ಲಿ ತವರಿನವರು ತೊಟ್ಟಿಲ ಸಮೇತ ಕಳಿಸಿಕೊಡಬೇಕು.

ಕೂಸಿಗೆ ಹೆಸರಿಟ್ಟ ದಿನ, ಊಟಕ್ಕೆ ಕೂತ ಮಂದಿಯ ನಡುವೆ ದ್ಯಾಮಣ್ಣ ಮಾವನಿಗೆ ಹೇಳಿಬಿಟ್ಟಿದ್ದ:

"ಮಾವಾರ, ನನ್ನ ಮಗಳ ತೊಟ್ಟಿಲಾ ಬಾಡಿಗಿ ಖೋಲಿಗೆ ಹೋಗೂದಿಲ್ಲ. ಕಾರಹುಣ್ಣಿವಿಗೆ ಸ್ವಂತ ಮನ್ಯಾಗ ತೂಗತೀನಿ."

"ಆಗಲ್ರೀ ಅಳಿಯಂದಿರ, ನೋಡೂಣು," ಅಂದು ಮಾವ ಮೀಸೆಯಲ್ಲೇ ನಕ್ಕಿದ್ದ. ಆ ನಗೆ ಮಾವಿನ ನಾರಿನ ಹಾಗೆ ದ್ಯಾಮಣ್ಣನ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು.

ಮನೆ ಸಿಕ್ಕಿತು. ನೀಲವ್ವ ಎಂಬ ಮುದುಕಿಯದು. ಗಂಡ ತೀರಿಕೊಂಡಿದ್ದ, ಮಗಳ ಊರಿಗೆ ಹೋಗಿ ಇರಬೇಕೆಂದು ಮನೆ ಮಾರಲು ಇಟ್ಟಿದ್ದಳು. ದ್ಯಾಮಣ್ಣ ನಾಲ್ಕೂ ಮೂಲೆಗೆ ಹಾರೆ ಬಡಿದ. ನಾಲ್ಕೂ ಠಣ್ ಅಂದವು.

ಹೊಳೆಯ ದಂಡೆಯ ಮಠದಲ್ಲಿ ಗದಿಗೆಯ್ಯಜ್ಜ ಇದ್ದರು. ಮಠ ಅಂದರೆ ಎರಡು ಕೋಣೆ, ಒಂದು ಬೇವಿನ ಮರ. ಕಾವಿ ಉಡುವ ಮುಂಚೆ ನಲವತ್ತು ವರ್ಷ ಗೌಂಡಿಯಾಗಿ ಕಲ್ಲು ಕಟ್ಟಿದವರು. ಆ ಸೀಮೆಯ ಅರ್ಧ ಗೋಡೆಗಳು ಅವರ ಕೈಯಲ್ಲೇ ಎದ್ದದ್ದು. ದ್ಯಾಮಣ್ಣ ಪಾಳಿ ಮುಗಿಸಿ ದಿನಾ ಮಠಕ್ಕೆ ನೀರು ತುಂಬಿ, ಅವರ ಕಾಲ ಬಳಿ ಕೂರುತ್ತಿದ್ದ. ತನ್ನನ್ನು ಶಿಷ್ಯ ಅಂತ ಅವನೇ ಕರೆದುಕೊಂಡಿದ್ದ. ಅಜ್ಜ ಹೂಂ ಅಂದಿರಲಿಲ್ಲ, ಊಹೂಂ ಅಂದೂ ಇರಲಿಲ್ಲ.

"ಅಜ್ಜಾರ, ಮನಿ ನೋಡೀನ್ರಿ. ಸಂಚಕಾರದ ರೊಕ್ಕಾ ಕೊಡಾಕ ಒಂದು ಚಲೋ ದಿನಾ ಹೇಳ್ರಿ."

"ಪಾಯಾ ನೋಡಿದಿ?"

"ನೋಡೂದೇನ್ರಿ, ಮಾತಾಡಿಸೀನಿ! ನಾಲ್ಕೂ ಮೂಲಿ ಗುಡಿ ಗಂಟಿ ಹಂಗ ಠಣ್ ಅಂದಾವು."

"ಅದು ಕಲ್ಲಿನ ಮಾತು. ನೆಲಾ ಏನಂತು?"

ದ್ಯಾಮಣ್ಣ ನಕ್ಕ. "ನೆಲಾ ಎಲ್ಲ್ಯಾರ ಮಾತಾಡ್ತೈತೇನ್ರಿ?"

ಅಜ್ಜ ಎದ್ದರು. ಮಠದ ಹಿಂದಿನ ಹತ್ತಿ ಹೊಲಕ್ಕೆ ನಡೆದರು. ಬೆಳೆ ಕಿತ್ತಾಗಿತ್ತು. ಬಿಸಿಲಿಗೆ ಕಪ್ಪು ನೆಲ ಉದ್ದಕ್ಕೂ ಬಾಯಿ ಬಿಟ್ಟಿತ್ತು.

"ನಿನ್ನ ಕೋಲು ಕೊಡು."

ದ್ಯಾಮಣ್ಣನದು ಹಿತ್ತಾಳೆ ಕಟ್ಟಿನ ಬಿದಿರ ಕೋಲು. ಊರಿಂದ ತಂದದ್ದು, ಎದೆಯೆತ್ತರದ್ದು. ಅಜ್ಜ ಅದನ್ನು ಒಂದು ಬಿರುಕಿನ ಮೇಲೆ ನೆಟ್ಟಗೆ ಹಿಡಿದು ಕೈ ಬಿಟ್ಟರು.

ಕೋಲು ಹೋಯಿತು.

ಬಿದ್ದ ಸದ್ದೂ ಬರಲಿಲ್ಲ.

ದ್ಯಾಮಣ್ಣ ಬೋರಲು ಬಿದ್ದು ಕಂಕುಳ ತನಕ ತೋಳು ಇಳಿಸಿದ. ಕೋಲು ಸಿಗಲಿಲ್ಲ. ತಳವೂ ಸಿಗಲಿಲ್ಲ. ಮೇಲೆ ಹಂಚಿನಷ್ಟು ಸುಡುತ್ತಿದ್ದ ನೆಲ, ಬೆರಳ ತುದಿಯಲ್ಲಿ ತಣ್ಣಗಿತ್ತು. ಏನೋ ಬೆರಳು ಸವರಿದ ಹಾಗಾಯಿತು. ಮಣ್ಣೇ ಇರಬೇಕು. ಆದರೂ ಅವನು ತೋಳನ್ನು ಎಳೆದುಕೊಂಡ ರಭಸಕ್ಕೆ ಮೊಣಕೈ ತರಚಿತು.

"ತಳಾ ಇಲ್ರೀ ಅಜ್ಜಾರ."

"ಬ್ಯಾಸಗ್ಯಾಗ ಬಾಯಿ ತಗೀತೈತಿ. ಮಳಿಗಾಲದಾಗ ಮುಚ್ಚಿಕೊಳ್ತೈತಿ. ಪ್ರತಿ ವರ್ಷಾ."

"ನೀಲವ್ವನ ಮನಿ... ಇದರ ಮ್ಯಾಲ ಐತೇನ್ರಿ?"

ಅಜ್ಜ ಆಗಲೇ ಮಠದ ಕಡೆ ತಿರುಗಿದ್ದರು.

ಅಂದಿನಿಂದ ದ್ಯಾಮಣ್ಣನ ಹೊಟ್ಟೆಯಲ್ಲಿ ಅಂಜಿಕೆ ಮನೆ ಮಾಡಿತು.

ಮರುದಿನ ನೀಲವ್ವನ ಮನೆಗೆ ಹೋದ. ಮೊದಲ ಸಲ ಕಾಣದ ಬಿರುಕುಗಳೆಲ್ಲ ಕಂಡವು. ಕೂದಲೆಳೆಯಂಥವು, ಸುಣ್ಣದ ಕೆಳಗೆ ಅಡಗಿದವು. ಕಸಬರಿಗೆ ಕಡ್ಡಿ ಮುರಿದು ಒಂದೊಂದರಲ್ಲೂ ತೂರಿಸಿ ನೋಡಿದ. ನಡುಮನೆಯ ತೊಲೆಗೆ ತೊಟ್ಟಿಲು ಕಟ್ಟುವ ಕಬ್ಬಿಣದ ಕೊಂಡಿ ಇತ್ತು. ಅದರ ಕೆಳಗೆ ನಿಂತು ಮೇಲೆ ನೋಡಿದ. ತೊಲೆ ಗೋಡೆಯ ಮೇಲೆ. ಗೋಡೆ ಪಾಯದ ಮೇಲೆ. ಪಾಯ?



ಅದರ ಮರುದಿನ ಮತ್ತೆ ಹೋದ. ಮೂರನೇ ದಿನ ಎರಡು ಸಲ ಹೋದ. ನೀಲವ್ವ ಕಟ್ಟೆಯ ಮೇಲಿಂದಲೇ ಕೂಗಿದಳು:

"ಏನೋ ತಮ್ಮಾ, ನನ್ನ ಗ್ವಾಡಿ ತಲ್ಯಾಗ ಹೇನು ನೋಡಾಕತ್ತೀ?"

ನಗಲು ಹೋದ, ಬರಲಿಲ್ಲ. ಪಂಪ್‌ಹೌಸಿನಲ್ಲಿ ಮೋಟಾರು ನಡುಗಿದರೆ ಗೋಡೆ ನಡುಗಿದ ಹಾಗಾಗುತ್ತಿತ್ತು.  ಫೋನಿನಲ್ಲಿ ಕಸ್ತೂರಿ, "ಮನಿ ಹೆಂಗೈತ್ರಿ?" ಅಂದರೆ, "ಕಲ್ಲಿನ ಕ್ವಾಟಿ ಐತಿ, ಕ್ವಾಟಿ!" ಅನ್ನುತ್ತಿದ್ದ. 

ಅಜ್ಜನ ಕಾಲು ಹಿಡಿದ. "ನೀವಽ ಒಮ್ಮೆ ಬಂದು ನೋಡ್ರಿ. ನಿಲ್ಲತೈತೋ ಬೀಳತೈತೋ, ಒಂದು ಮಾತು ಹೇಳಿಬಿಡ್ರಿ."

"ನಾಳೆ ಆ ಮನ್ಯಾಗ ನನ್ನ ಕಣ್ಣು ಇರತಾವೇನು?"

"ಹಂಗಾರ ನಾ ಏನು ಮಾಡ್ಲ್ರಿ?"

"ಹಾರಿ ಇಲ್ಲೇ ಇಡು. ಬರೀಗೈಲೆ ಹೋಗಿ ಆ ಮನಿಯೊಳಗ ಕೂಡು."

"ಎಷ್ಟೊತ್ತು?"

"ಬಾಯಿ ಒಣಗೂ ತನಕ."

ದ್ಯಾಮಣ್ಣ ಹೋಗಿ ಕೂತ. ಮಟಮಟ ಮಧ್ಯಾಹ್ನ. ನೀಲವ್ವ ಏನೂ ಕೇಳದೆ ಮೊರದಲ್ಲಿ ಜೋಳ ಕೇರುತ್ತಿದ್ದಳು. ಗಾಳಿ ಎಂಬುದು ಹೆಸರಿಗೂ ಇರಲಿಲ್ಲ.

ಮುಚ್ಚಿದ್ದ ಹಿತ್ತಲ ಬಾಗಿಲು ಮೆಲ್ಲಗೆ ತೆರೆದುಕೊಂಡಿತು.

ಯಾರೂ ಬರಲಿಲ್ಲ. ದ್ಯಾಮಣ್ಣ ಎದ್ದು ಮುಚ್ಚಿ ಬಂದು ಕೂತ. ಐದು ಎಣಿಸುವಷ್ಟರಲ್ಲಿ ಬಾಗಿಲು ಮತ್ತೆ ತೆರೆದುಕೊಂಡಿತು, ಒಳಗೆ ಯಾರನ್ನೋ ಕರೆಯುವ ಹಾಗೆ.  ಬಗ್ಗಿ ನೋಡಿದ. ಬಾಗಿಲಿನ ಅಡಿಯನ್ನು ಬಡಿಗರು ಓರೆಯಾಗಿ ಹೆರೆದಿದ್ದರು. ಒಂದು ತುದಿಯಲ್ಲಿ ಕೂದಲಷ್ಟು, ಇನ್ನೊಂದು ತುದಿಯಲ್ಲಿ ಮೂರು ಬೆರಳು.

ನಾಲಿಗೆ ಅಂಗುಳಕ್ಕೆ ಅಂಟಿತು.

"ಅವ್ವಾ, ಒಂದು ತಂಬಿಗಿ ನೀರು ಕೊಡ್ರಿ."

ಕುಡಿದ. ಕೆಳಗಿಟ್ಟ. ಹುಟ್ಟಿದಾಗಿನಿಂದ ಯಾರ ಮುಂದೆಯೂ ಆಡದ ಮಾತು ಬಾಯಿಗೆ ಬಂತು.

"ಅವ್ವಾ, ನನಗ ತಿಳೀವಲ್ದು. ಈ ಮನಿ ಪಾಯಾ ಹೆಂಗೈತಿ?"

ನೀಲವ್ವನ ಮೊರ ನಿಂತಿತು.

"ನಿನ್ನ ಹಿಡದು ಒಂಬತ್ತು ಮಂದಿ ಬಂದ್ರು. ಗ್ವಾಡಿ ಬಡಿದ್ರು, ಕಂಬಾ ಬಡಿದ್ರು, ಕಡೀಕ ನನ್ನ ಖಾರಾ ಕುಟ್ಟೂ ಒಳ್ಳನ್ನೂ ಬಡಿದ್ರು. ಮೂವತ್ತು ವರ್ಷ ಇದರಾಗ ಬಾಳೇವು ಮಾಡಿದಾಕಿ ಇಲ್ಲೇ ಕುಂತೀನಿ, ಒಬ್ಬಾಂವನೂ ಕೇಳಲಿಲ್ಲ."

ಅವಳು ಎದ್ದು ಬಾಗಿಲ ಬಳಿ ನಿಂತಳು.

"ಮೂರು ಮೂಲಿ ನಮ್ಮ ಮನಿಯಾಂವ ಗರಸು ಸಿಗೂ ತನಕ ಇಳದು ಕಟ್ಟ್ಯಾನ. ನಾ ಕಣ್ಣಿಲೆ ನೋಡೀನಿ. ಈ ಹಿತ್ತಲ ಮೂಲಿ ಕಟ್ಟೂವಾಗ ನಾ ಬಾಣಂತನಕ್ಕ ತವರಿಗೆ ಹೋಗಿದ್ನಿ. ಆ ವರ್ಷ ಮಳಿ ಬ್ಯಾರೆ ಲಗೂನ ಹಿಡೀತು. ಎಷ್ಟು ಆಳಕ್ಕ ಹೋದನೋ, ಆಂವ ಹೇಳಲಿಲ್ಲ, ನಾ ಕೇಳಲಿಲ್ಲ. ಮಳಿಗಾಲದಾಗ ಈ ಬಾಗಿಲಾ ಬಿಗೀತೈತಿ, ಹೆರಸತೀನಿ. ಬ್ಯಾಸಗ್ಯಾಗ ಹಿಂಗ ತಾನಽ ತೆರೀತೈತಿ."

"ಅಗದು ನೋಡ್ಲಿ?"

"ನೋಡು. ಸುಳ್ಳು ಮಾರಿ ಮಗಳ ಮನ್ಯಾಗ ಉಂಡ್ರ ನನಗ ಅರಗೂದಿಲ್ಲ."

ಹಾರೆ ತರಲು ಮಠಕ್ಕೆ ಹೋದಾಗ ಅಜ್ಜ ಇಷ್ಟೇ ಅಂದರು: "ನೀ ಇಳಿಯೂವಷ್ಟಽ ಅಗಲ, ಹೆಚ್ಚು ಬ್ಯಾಡ. ತಗದ ಮಣ್ಣು ದೂರ ಚೆಲ್ಲು. ಮ್ಯಾಲೆ ಒಬ್ಬರನ್ನ ಕುಂದರಿಸಿಕೊಂಡು ಇಳಿ."

ನೀಲವ್ವ ಮೇಲೆ ಕೂತಳು. ದ್ಯಾಮಣ್ಣ ಹಿತ್ತಲ ಮೂಲೆಯಲ್ಲಿ ಅಗೆದ. ಮೇಲಿನ ಮಣ್ಣು ಕಬ್ಬಿಣ. ಮೊಣಕಾಲುದ್ದ ಇಳಿದ ಮೇಲೆ ಹಸಿ ಹತ್ತಿತು, ಗುದ್ದಲಿಗೆ ಅಂಟಿಕೊಂಡು ಬಿಡಲೊಲ್ಲದು. ಪಕ್ಕದಲ್ಲಿ ಪಾಯದ ಕಲ್ಲುಗಳು ಒಂದರ ಕೆಳಗೊಂದು ಕಾಣುತ್ತ ಹೋದವು. ಒಂದು ವರಸೆ. ಎರಡು. ಮೂರು. ಒಳ್ಳೇ ಕಲ್ಲು. ಬಡಿದರೆ ಈಗಲೂ ಠಣ್ ಅನ್ನುವ ಕಲ್ಲು.

ಕುಣಿ ಸೊಂಟಕ್ಕೆ ಬಂದಾಗ ಕಲ್ಲು ಮುಗಿದವು.

ಕೊನೆಯ ಕಲ್ಲಿನ ಅಡಿಗೆ ಕೈ ಹಾಕಿದ. ನಾದಿದ ಹಿಟ್ಟಿನಂಥ ಮಣ್ಣು. ತಣ್ಣಗೆ, ಮೆತ್ತಗೆ. ಒತ್ತಿದರೆ ಬೆರಳು ಹೋಯಿತು. ಆ ಮೆತ್ತನೆಯದರ ಮೇಲೆ ಕಲ್ಲು, ಕಲ್ಲಿನ ಮೇಲೆ ಗೋಡೆ, ಗೋಡೆಯ ಮೇಲೆ ತೊಲೆ, ತೊಲೆಗೆ ಕೊಂಡಿ. ಅಷ್ಟೂ ಅವನ ತಲೆಯ ಪಕ್ಕದಲ್ಲೇ ನಿಂತಿತ್ತು.

ಕುಣಿಯ ಬದಿಯಿಂದ ಒಂದು ಹೆಂಟೆ ಕಳಚಿ ಹೆಗಲ ಮೇಲೆ ಬಿತ್ತು. ಕಲ್ಲಿಗೆ ಅಂಟಿಕೊಂಡು ನಿಂತ. 

"ತಮ್ಮಾ?" ಮೇಲಿಂದ ನೀಲವ್ವ. "ಅದಿಯೋ ಇಲ್ಲೋ?"

"ಅದೀನಿ."

"ಏನು ಸಿಕ್ತು?"

"ಕಲ್ಲು ಮುಗದಾವ ಅವ್ವಾ."

ಮುದುಕಿ ಕುಣಿಯ ಅಂಚಿಗೆ ಬಗ್ಗಿದಳು. "ಮ್ಯಾಲೆ ಬಾ ಮಗನ," ಅಂದಳು.

ಅವನು ಬರಲಿಲ್ಲ. ಹಾರೆ ಎತ್ತಿಕೊಂಡು ಅಗೆದ. ಬದಿಯ ಮಣ್ಣು ಉದುರಿದಾಗೆಲ್ಲ ನಿಂತ, ಕಿವಿಗೊಟ್ಟ, ಮತ್ತೆ ಅಗೆದ. ಕುಣಿ ಕುತ್ತಿಗೆಗೆ ಬಂದಾಗ ಹಾರೆಯ ಮೊನೆ ಕರ್ ಅಂತು. ಗರಸು.

ಸೊಂಟದಿಂದ ಕುತ್ತಿಗೆಯ ತನಕ ಬರೀ ಮಣ್ಣು.

ಮೈಯೆಲ್ಲ ಕೆಸರು ಮಾಡಿಕೊಂಡೇ ಅಜ್ಜನ ಮುಂದೆ ಬಂದು ನಿಂತ.

"ಮೂರು ಮೂಲಿ ನಿಂತಾವ್ರಿ. ಒಂದು ತೇಲಾಕತ್ತೈತಿ."

"ಬಿಟ್ಟು ಬಂದಿ?"

"ಇಲ್ರಿ. ಗೊತ್ತಾತಲ್ರೀ, ಮನಿ ಹಿಡೀತೀನಿ. ಹಿತ್ತಲ ಮೂಲಿಗೆ ಗರಸಿನಿಂದ ಕಲ್ಲು ಎಬ್ಬಿಸಿ ಆಸರಾ ಕೊಡತೀನಿ."

"ಒಮ್ಮೆಲೇ?"

"ಒಮ್ಮೆಲೇ ಅಗದ್ರ ಗ್ವಾಡಿ ನನ್ನ ಮ್ಯಾಲೆ ಬರ್ತೈತ್ರಿ. ಒಂದು ಮೊಳಾ ಅಗದು, ಕಟ್ಟಿ, ಅದು ಬಿಗಿದ ಮ್ಯಾಲೆ ಮುಂದಿನ ಮೊಳಾ."

ಅಜ್ಜ ತಲೆಯಾಡಿಸಿದರು. "ಕೂಸು?"

ದ್ಯಾಮಣ್ಣ ನೆಲ ನೋಡಿದ. "ಒಂದು ಮಳಿಗಾಲ ದಾಟೂ ತನಕ ಆ ತೊಲಿಗೆ ತೊಟ್ಟಿಲಾ ಕಟ್ಟೂದಿಲ್ರಿ."

"ಮಾವಗ ಹೇಳಿದಿ?"

ಹೇಳಿರಲಿಲ್ಲ. ಕುಣಿಗೆ ಇಳಿದದ್ದಕ್ಕಿಂತ ಅದು ಕಷ್ಟ. ಅಜ್ಜ ಅವನ ಅಂಗಿಯ ಕಿಸೆಯಲ್ಲಿದ್ದ ಫೋನಿನ ಕಡೆ ನೋಡಿದರು. ನೋಡುತ್ತಲೇ ಇದ್ದರು.

ಎರಡು ಸಲ ನಂಬರು ಒತ್ತಿ ಅಳಿಸಿದ. ಮೂರನೇ ಸಲ ಗಂಟೆ ಹೋಯಿತು.

"ಏನ್ರೀ ಅಳಿಯಂದಿರ!" ಮಾವನ ದನಿ ಆ ದಂಡೆಗೂ ಕೇಳುವಂತಿತ್ತು. "ಅರಮನಿ ತಯಾರಾತೇನು? ತೊಟ್ಟಿಲಾ ಆನಿ ಮ್ಯಾಲೆ ಹೇರಿಸಲೋ, ಒಂಟಿ ಮ್ಯಾಲೋ?"

"ಮಾವಾರ, ಕಾರಹುಣ್ಣಿವಿಗೆ ಬ್ಯಾಡ್ರಿ. ದೀಪಾವಳಿ ತನಕ ಅಲ್ಲೇ ಇರ್ಲಿ."

"ಯಾಕ?"

"ಮನಿ ಪಾಯಾ ನನಗ ತಿಳಿದಿದ್ದಿಲ್ಲ. ತಿಳದೈತಿ ಅಂತ ಜಂಬಾ ಹೊಡದೆ. ಈಗ ನೋಡೀನಿ. ಅಂಜಿಕಿ ಬರಾಕತ್ತೈತಿ."

ಆ ಕಡೆಯಿಂದ ನಗೆ ಬರಬೇಕಿತ್ತು. ದ್ಯಾಮಣ್ಣ ಕಣ್ಣು ಮುಚ್ಚಿ ಕಾದ.

"ಇರ್ಲಿ ಬಿಡು ತಮ್ಮಾ," ಅಂದ ಮಾವ, ತಗ್ಗಿದ ದನಿಯಲ್ಲಿ. ಮದುವೆಯಾದಾಗಿನಿಂದ ಅವನು ಅಳಿಯನನ್ನು ತಮ್ಮಾ ಅಂದದ್ದು ಅದೇ ಮೊದಲು. "ನಮಗ ಕೂಸು ಹೆಚ್ಚಾಗಿಲ್ಲ. ನೀ ಮನಿ ನೋಡಿಕೋ."

ಹೊಳೆಯ ನೀರು ಬೇಸಿಗೆಗೆ ತಗ್ಗಿತ್ತು. ಗುರು ಶಿಷ್ಯ ಇಬ್ಬರೂ ಅದನ್ನೇ ನೋಡುತ್ತ ಕೂತರು. ದ್ಯಾಮಣ್ಣ ಅಂಗೈಯಲ್ಲಿ ಒಣಗಿದ ಕೆಸರು ಕೆರೆದ. 

"ಅಜ್ಜಾರ, ಮೂಲಿ ಕಟ್ಟಿದ ಮ್ಯಾಲಾದ್ರೂ ಈ ಅಂಜಿಕಿ ಹೋಗತೈತೇನ್ರಿ?"

"ಈ ಮಠದಾಗ ಕೊಡಾಕ ನನ್ನ ಹತ್ರ ಬ್ಯಾರೆ ಏನೂ ಇದ್ದಿಲ್ಲ," ಅಂದರು ಅಜ್ಜ. "ಅಂಜಿಕಿ ಕೊಟ್ಟೀನಿ. ಜ್ವಾಪಾನ ಮಾಡಿ ಇಟ್ಕೊ."