ಅಳಿಸಲಾಗದ ಚಿತ್ರ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಒಬ್ಬರಿಂದ ನನಗೆ ನೋವಾಗಿದೆ. ಮರೆಯಬೇಕೆಂದು ಎಷ್ಟೋ ಪ್ರಯತ್ನಪಟ್ಟೆ. ಜಪಕ್ಕೆ ಕೂತರೆ ಅದೇ, ಊಟಕ್ಕೆ ಕೂತರೂ ಅದೇ. ಕೂತಲ್ಲಿ ಕೂರಲಾಗುತ್ತಿಲ್ಲ. ಮನಸ್ಸಿನಿಂದ ಒಂದು ನೆನಪನ್ನು ಅಳಿಸಿಹಾಕುವುದು ಹೇಗೆ?"

ಗುರುಗಳು ಹೇಳಿದರು:

ಹೊಸಪೇಟೆಯಲ್ಲಿ ಪಂಪಣ್ಣ ಎಂಬ ಪಾತ್ರೆ ವ್ಯಾಪಾರಿಯಿದ್ದ. ವಯಸ್ಸಾಗಿತ್ತು, ಅಂಗಡಿಯನ್ನು ಮಗನಿಗೆ ಬಿಟ್ಟಿದ್ದ. ಕೊಟ್ರಯ್ಯ ಎಂಬಾತ ಅವನ ಬಾಲ್ಯದ ಗೆಳೆಯ. ಮನೆ ಪಕ್ಕದ ಓಣಿಯಲ್ಲೇ. ಪಂಪಣ್ಣನ ಹೆಂಡತಿ ತೀರಿಕೊಂಡಾಗ ಊರೆಲ್ಲ ಬಂತು, ಕೊಟ್ರಯ್ಯ ಬರಲಿಲ್ಲ. ಮಣ್ಣಿಗೂ ಬರಲಿಲ್ಲ, ಆಮೇಲೆ ಮಾತನಾಡಿಸಲಿಕ್ಕೂ ಬರಲಿಲ್ಲ. ಅಂದಿನಿಂದ ಪಂಪಣ್ಣ ಅವನ ಹೆಸರೆತ್ತುವುದನ್ನು ಬಿಟ್ಟ. ಅವನು ಎದುರು ಬಂದರೆ ದಾರಿ ಬದಲಿಸುತ್ತಿದ್ದ.

ಒಂದು ಬೆಳಿಗ್ಗೆ ಪಂಪಣ್ಣನ ಫೋನು ತಾನಾಗಿಯೇ ಒಂದು ಫೋಟೊ ತೋರಿಸಿತು. ಕೆಳಗೆ 'ಹಳೆಯ ನೆನಪು' ಎಂದಿತ್ತು. ಕಾಲುವೆಯ ಕಟ್ಟೆಯ ಮೇಲೆ ಅವನೂ ಕೊಟ್ರಯ್ಯನೂ ಮಂಡಕ್ಕಿ ತಿನ್ನುತ್ತ ನಗುತ್ತಿದ್ದಾರೆ. ಪಂಪಣ್ಣನಿಗೆ ಮೈ ಉರಿಯಿತು. ಅಳಿಸಿದ. ಕೆಲವು ದಿನಕ್ಕೆ ಅದೇ ಫೋಟೊ ಮತ್ತೆ ಬಂತು. ಮತ್ತೆ ಅಳಿಸಿದ. ಮತ್ತೆ ಬಂತು. ಅವನು ಫೋನು ಹಿಡಿದು ಸೊಸೆಯ ಬಳಿ ಹೋದ.

"ಇದು ಸತ್ತು ಸತ್ತು ಎದ್ದು ಬರುತ್ತದಲ್ಲಮ್ಮ?"

"ಮಾವ, ನೀವು ಅಳಿಸಿದ್ದು ಫೋನಿನಲ್ಲಿ ಮಾತ್ರ. ಕ್ಲೌಡಿನಲ್ಲಿ ಇನ್ನೂ ಇದೆ."

"ಹಾಗಂದರೆ?"

"ಮೋಡ ಅಂತ ಅರ್ಥ. ಆದರೆ ನಿಜವಾದ ಮೋಡ ಅಲ್ಲ. ದೂರದಲ್ಲೆಲ್ಲೋ ದೊಡ್ಡ ಯಂತ್ರಗಳಿವೆ, ಅಲ್ಲಿ ಇಟ್ಟಿರುತ್ತಾರೆ."

"ನನ್ನದನ್ನು ಅಲ್ಲಿಡಲು ಯಾರು ಹೇಳಿದರು?"

"ನೀವೇ ಒಪ್ಪಿಗೆ ಒತ್ತಿದ್ದೀರಿ, ಮಾವ."

"ಅದು ಏನು ಕೇಳಿದರೂ ನಾನು ಸರಿ ಅಂತಲೇ ಒತ್ತುವುದು. ಇಲ್ಲದಿದ್ದರೆ ಮುಂದಕ್ಕೆ ಬಿಡುವುದಿಲ್ಲವಲ್ಲ!"

ಸೊಸೆ ನಕ್ಕಳು. ಮೇಲಿದ್ದದ್ದನ್ನೂ ಅಳಿಸಿದಳು. ಇನ್ನೂ ಸ್ವಲ್ಪ ಕಾಲ ಅದು ಅಲ್ಲಿನ ಕಸದ ಬುಟ್ಟಿಯಲ್ಲಿರುತ್ತದೆ ಎಂದಳು. ಅವನು ಬುಟ್ಟಿಯನ್ನೂ ಖಾಲಿ ಮಾಡಿಸಿದ. ಇನ್ನು ಎಲ್ಲಿಯೂ ಇಲ್ಲವಷ್ಟೇ ಎಂದು ಕೇಳಿದ. ಇಲ್ಲ ಎಂದಳು.

ಆ ಫೋಟೊ ಮತ್ತೆ ಬರಲಿಲ್ಲ. ಆದರೆ ಪಂಪಣ್ಣ ಎದ್ದ ಕೂಡಲೇ ಫೋನು ನೋಡತೊಡಗಿದ. ಬಂದಿಲ್ಲ ಎಂದು ಖಾತ್ರಿಯಾದರೂ ಮತ್ತೆ ನೋಡುತ್ತಿದ್ದ. ತಟ್ಟೆಯ ಮುಂದೆ ಕೂತವನು ಅರ್ಧಕ್ಕೇ ಎದ್ದು ಅಂಗಳಕ್ಕೆ ಹೋಗುತ್ತಿದ್ದ, ಅಂಗಳದಿಂದ ಒಳಕ್ಕೆ ಬರುತ್ತಿದ್ದ. ಒಮ್ಮೆ ಹಾಗೆ ತಿರುಗುತ್ತಿದ್ದಾಗ ಥಟ್ಟನೆ ನೆನಪಾಯಿತು. ಆ ಫೋಟೊ ತೆಗೆದವಳು ಹೆಂಡತಿ. ಅವರಿಬ್ಬರೂ ನಗುತ್ತಿದ್ದದ್ದು ಅವಳನ್ನು ನೋಡಿ. ಅವಳು ಅದನ್ನು ಆಗಲೇ ಕೊಟ್ರಯ್ಯನಿಗೂ ಕಳಿಸಿದ್ದಳು.

ಅವನ ಬಳಿಯೂ ಉಳಿಯಬಾರದು ಎಂದು ತನಗೆ ತಾನೇ ಹೇಳಿಕೊಂಡು ಪಂಪಣ್ಣ ಚಪ್ಪಲಿ ಮೆಟ್ಟಿದ.

ಕೊಟ್ರಯ್ಯ ಬಾಗಿಲು ತೆರೆದ. ಬಾ ಎನ್ನಲೂ ಹೆದರಿ ಬಾಗಿಲಲ್ಲೇ ನಿಂತ.

"ಕಾಲುವೆ ಕಟ್ಟೆಯ ಫೋಟೊ ನಿನ್ನ ಹತ್ತಿರ ಇದ್ದರೆ ಅಳಿಸಿಬಿಡು," ಎಂದ ಪಂಪಣ್ಣ.

ಕೊಟ್ರಯ್ಯ ಒಳಗೆ ಹೋಗಿ ಫೋನು ತಂದು ಅವನ ಕೈಗಿಟ್ಟ. "ನನಗೆ ಬರುವುದಿಲ್ಲ. ನೀನೇ ಅಳಿಸು."

ಹುಡುಕಬೇಕಾಗಲಿಲ್ಲ. ಫೋನು ತೆರೆದರೆ ಮೊದಲು ಕಾಣುತ್ತಿದ್ದದ್ದೇ ಅದು. ಪಂಪಣ್ಣನ ಬೆರಳು ಮುಂದೆ ಹೋಗಲಿಲ್ಲ.

ಕೊಟ್ರಯ್ಯ ಹೇಳಿದ: "ಅತ್ತಿಗೆಯ ಮಣ್ಣಿಗೆ ಹೊರಟಿದ್ದೆ, ಪಂಪಣ್ಣ. ನಿಮ್ಮ ಓಣಿಯವರೆಗೂ ಬಂದೆ. ನಿನ್ನ ಅಳು ಕೇಳಿಸಿತು. ನೀನು ಅತ್ತದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಕಾಲು ಏಳಲಿಲ್ಲ. ಮಾರನೆಯ ದಿನ ಯಾವ ಮುಖ ಹೊತ್ತು ಬರಲಿ? ಹಾಗೇ ದಿನ ಹೋದವು."

ಪಂಪಣ್ಣ ಹೊರಟುಹೋಗಲಿಲ್ಲ. ಫೋಟೊ ನೋಡುತ್ತ ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕೂತ. ಆಮೇಲೆ ಕೇಳಿದ: "ಇದನ್ನು ನನಗೆ ಕಳಿಸಲಿಕ್ಕಾದರೂ ಬರುತ್ತದೇನು?"

"ಅದೂ ಬರುವುದಿಲ್ಲ."

ಪಂಪಣ್ಣ ಸೊಸೆಯನ್ನು ಕೇಳಬಹುದಿತ್ತು, ಕೇಳಲಿಲ್ಲ. ಫೋಟೊ ನೋಡಬೇಕೆನಿಸಿದಾಗೆಲ್ಲ ಕೊಟ್ರಯ್ಯನ ಮನೆಗೇ ಹೋಗುತ್ತಿದ್ದ. ಕೆಲವು ಸಲ ಜಗಳವಾಡಿಯೇ ಬರುತ್ತಿದ್ದ. ಮತ್ತೆ ಹೋಗುತ್ತಿದ್ದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ತಡೆಯಲಾರದೆ ಕೇಳಿದ: "ಹಾಗಾದರೆ ಅವನು ಆ ನೋವನ್ನು ಮರೆತನೇ, ಗುರುಗಳೇ? ಕ್ಷಮಿಸಿದನೇ?"

ಗುರುಗಳು ಅವನ ಮುಖ ನೋಡಿ ಹೇಳಿದರು:

"ನೀನು ಯಾರ ಮನೆಗೆ ಹೋಗಲಾರದೆ ನನ್ನ ಬಳಿ ಬಂದೆ?"

ಶಿಷ್ಯ ನಮಸ್ಕರಿಸಿ ಎದ್ದು, ಹೊರಗೆ ಬಂದು ಚಪ್ಪಲಿ ಮೆಟ್ಟಿದ.