ದ್ಯಾಮಕ್ಕ ಬರಲಿಲ್ಲ

ಮಕ್ಕಳೇ, ಒಂದು ಕೆರೆಯ ಸುತ್ತಲಿನ ಕಾಡಿನಲ್ಲಿ ಪ್ರಾಣಿಗಳೆಲ್ಲ ಸೇರಿ ಸಂಘ ಕಟ್ಟಿಕೊಂಡಿದ್ದವು. ಅದು ಹುಟ್ಟಿದ್ದು ಒಂದು ಬೇಸಿಗೆಯಲ್ಲಿ. ಕಾಲು ಮುರಿದು ಬಿದ್ದ ಜಿಂಕೆಯೊಂದು ಕೆರೆ ಕಣ್ಣೆದುರಿಗಿದ್ದರೂ ನೀರು ಕೊಡುವವರಿಲ್ಲದೆ ಸತ್ತುಹೋಯಿತು. ಅಂದು ಎಲ್ಲರೂ ತಲೆ ತಗ್ಗಿಸಿ ಕೂತು ಮಾತಾಡಿಕೊಂಡರು. ವಾರಕ್ಕೊಮ್ಮೆ ಪ್ರತಿಯೊಬ್ಬರೂ ಗೆಡ್ಡೆಯನ್ನೋ ಹಣ್ಣನ್ನೋ ತಂದು ಆಲದ ಪೊಟರೆಯಲ್ಲಿಡಬೇಕು. ಯಾರು ಹಾಸಿಗೆ ಹಿಡಿದರೂ ಅದರಿಂದ ಅವರ ಹೊಟ್ಟೆ ತುಂಬಬೇಕು.

ಅದನ್ನು ಕಾಯಿಲೆಯವರಿಗೆ ಮುಟ್ಟಿಸುವ ಕೆಲಸ ಮುಳ್ಳುಹಂದಿ ದ್ಯಾಮಕ್ಕನದು. ಎಂಟು ವರ್ಷದಿಂದ ಒಬ್ಬಳೇ ಓಡಾಡುತ್ತಿದ್ದಳು. ಯಾರ ಬಿಲ ಎಲ್ಲಿದೆ, ಯಾರಿಗೆ ಯಾವ ಹಣ್ಣು ಆಗಿಬರುವುದಿಲ್ಲ, ಎಲ್ಲವೂ ಅವಳ ತಲೆಯಲ್ಲೇ ಇತ್ತು. ಈಚೆಗೆ ಮಂಡಿ ನೋಯುತ್ತಿತ್ತು. ಹೊರೆ ಹೊತ್ತು ಏರು ಹತ್ತುವಾಗ ನಡುನಡುವೆ ಕೂತುಬಿಡುತ್ತಿದ್ದಳು.

"ಇವತ್ತು ನಾನು ಹೋಗಿ ಬರಲೇ?" ಎಂದು ಮುಂಗುಸಿ ಗೂಳಪ್ಪ ಕೇಳಿದ.

"ನಿನಗೆ ದಾರಿ ಗೊತ್ತಿಲ್ಲ."

"ತೋರಿಸಿಕೊಡು."

"ತೋರಿಸುವಷ್ಟರಲ್ಲಿ ನಾನೇ ಹೋಗಿ ಬಂದಿರುತ್ತೇನೆ," ಎಂದಳು ದ್ಯಾಮಕ್ಕ. ನನ್ನ ಹಾಗೆ ಮಾಡಲು ಇವರಿಗೆಲ್ಲಿ ಬರುತ್ತದೆ ಎಂಬುದು ಅವಳ ಒಳಮಾತು. ಗೂಳಪ್ಪ ಮತ್ತೆ ಕೇಳಲಿಲ್ಲ. ಉಳಿದವರೂ ತಮ್ಮ ಪಾಲು ಪೊಟರೆಯಲ್ಲಿಟ್ಟು, ಕೆಲಸ ಮುಗಿಯಿತೆಂದು ಹೊರಟುಹೋಗುತ್ತಿದ್ದರು.

ಒಂದು ಬೆಳಿಗ್ಗೆ ದ್ಯಾಮಕ್ಕನಿಗೆ ಏಳಲಾಗಲಿಲ್ಲ. ಮೈ ಸುಡುತ್ತಿತ್ತು. ಬಂಡೆಯ ಹಿಂದೆ ಕಾಲಿಗೆ ಗಾಯವಾಗಿ ಮಲಗಿದ್ದ ಆಮೆ ತಿಪ್ಪಜ್ಜನಿಗೆ ಅಂದು ಊಟ ಮುಟ್ಟಿಸಬೇಕಿತ್ತು. ಸ್ವಲ್ಪ ಹೊತ್ತು ಬಿಟ್ಟು ಹೋದರಾಯಿತು ಅಂದುಕೊಂಡಳು. ಹೊರಗೆ ಮೊಲಗಳು ಹಾದುಹೋಗುವ ಸದ್ದು ಕೇಳಿಸಿತು. ಕರೆಯಲು ನಾಚಿಕೆಯಾಯಿತು.

ಮೂರು ದಿನ ಹೀಗೇ ಕಳೆಯಿತು. ಪೊಟರೆಯ ತುಂಬ ಗೆಡ್ಡೆಗಳಿದ್ದವು, ಅವಳ ಬಿಲದಲ್ಲಿ ಹನಿ ನೀರಿರಲಿಲ್ಲ. ಕಾಯಿಲೆಯವರನ್ನು ನೋಡಿಕೊಳ್ಳುವವಳೇ ಅವಳಾದ್ದರಿಂದ, ಅವಳನ್ನು ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ನಾಲ್ಕನೆಯ ದಿನ ತಿಪ್ಪಜ್ಜ ಗಾಯದ ಕಾಲನ್ನು ಎಳೆದುಕೊಂಡು ಆಲದ ಬುಡಕ್ಕೆ ಬಂದ. ಹಸಿವಿಗೆ ಅವನ ದನಿ ಬತ್ತಿತ್ತು.

"ದ್ಯಾಮಕ್ಕ ಎಲ್ಲಿ?"

"ನಿನ್ನ ಹತ್ತಿರ ಬಂದಿದ್ದಾಳೆ ಅಂದುಕೊಂಡಿದ್ದೆ," ಎಂದ ಗೂಳಪ್ಪ.

"ಬಂದಿಲ್ಲ. ಅವಳು ಬರಲಿಲ್ಲ ಅಂದರೆ ಅವಳಿಗೆ ನಡೆಯಲು ಆಗುತ್ತಿಲ್ಲ ಅಂತಲೇ ಅರ್ಥ. ಅವಳ ಬಿಲ ಎಲ್ಲಿದೆ?"

ಯಾರಿಗೂ ಗೊತ್ತಿರಲಿಲ್ಲ. ತಿಪ್ಪಜ್ಜನಿಗೆ ಊಟ ಕೊಟ್ಟು ಎಲ್ಲರೂ ಹುಡುಕಲು ಹೊರಟರು. ಸಂಜೆಯ ಹೊತ್ತಿಗೆ ಗೂಳಪ್ಪ ಬಿಲವನ್ನು ಪತ್ತೆ ಮಾಡಿ, ದೊನ್ನೆಯಲ್ಲಿ ನೀರು ತಂದು ಕುಡಿಸಿದ. ಅರ್ಧ ನೀರು ಅವಳ ಕೊರಳ ಮೇಲೆ ಚೆಲ್ಲಿತು.

"ತಿಪ್ಪಜ್ಜ ಹಸಿದಿದ್ದನೇ?" ಎಂದು ಅವಳು ಕೇಳಿದಳು.

"ಮೂರು ದಿನ. ಈಗ ಉಂಡಿದ್ದಾನೆ."

ದ್ಯಾಮಕ್ಕ ದೊನ್ನೆಯನ್ನು ಪಕ್ಕಕ್ಕೆ ಸರಿಸಿದಳು. "ನನ್ನದೇ ತಪ್ಪು. ಸುಸ್ತಾಗಿದೆ ಗೂಳಪ್ಪ, ಬಹಳ ದಿನದಿಂದ ಸುಸ್ತಾಗಿದೆ. ದಾರಿಯೆಲ್ಲ ಹೇಳಿಕೊಡುತ್ತೇನೆ. ನಾಳೆಯಿಂದ ನೀವು ಸರದಿಯ ಮೇಲೆ ಹೋಗಿ."

ಅವನು ತಂದಿದ್ದ ಗೆಡ್ಡೆಗೆ ಮಣ್ಣು ಮೆತ್ತಿಕೊಂಡಿತ್ತು. ತೊಳೆದು ತರಬಾರದೇ ಎನ್ನಲು ಬಾಯಿ ತೆರೆದವಳು, ಅದನ್ನು ಹಾಗೆಯೇ ಕಚ್ಚಿ ತಿಂದಳು. ಆಮೇಲೆ, ನಾಳೆ ಯಾರ ಮನೆಗೆ ಹೋಗಬೇಕೆಂದು ಯೋಚಿಸದೆ ನಿದ್ದೆಹೋದಳು.

ನೀತಿ: ಪರರ ಕಷ್ಟಕ್ಕೆ ಆಗುವವರು ತಮ್ಮ ಕಷ್ಟವನ್ನೂ ಬಾಯಿಬಿಟ್ಟು ಹೇಳಬೇಕು, ತಮ್ಮ ಕೆಲಸವನ್ನು ಇತರರಿಗೂ ಕಲಿಸಿಕೊಡಬೇಕು.