ಕಂಪನಿಯ ಮನೆಯ ಸಾಕ್ಷಿ

“ಮನೆಯೊಳಗೂ ಸಿಗ್ನಲ್ ಖಾತ್ರಿ” ಎಂದು ಆಣೆಯಿಟ್ಟು ಫೋನ್ ಕಂಪನಿಯವರು ಛತ್ರದ ಅಡುಗೆಯ ಗಿರಿಭಟ್ಟನಿಗೆ ಎರಡು ಸಿಮ್ ಮಾರಿದ್ದರು. ಒಂದು ಅವನಿಗೆ, ಇನ್ನೊಂದು ಹಳ್ಳಿಯಲ್ಲಿದ್ದ ಹೆಂಡತಿಗೆ. ಅಲ್ಲೇ ಕಾಯಿಲೆ ಬಿದ್ದಿದ್ದ ತಾಯಿ ತೀರಿಕೊಂಡ ದಿನ ಅತ್ತ ಕರೆ ಹೋಗಲಿಲ್ಲ, ಇತ್ತ ಬರಲೂ ಇಲ್ಲ. ಹೆತ್ತವಳ ಬಾಯಿಗೆ ತುಳಸಿನೀರು ಬಿಡುವ ಭಾಗ್ಯ ಮಗನಿಗೆ ತಪ್ಪಿತು.

ಭಟ್ಟ ಗ್ರಾಹಕರ ನ್ಯಾಯಾಲಯಕ್ಕೆ ಹೋದ. ಕಂಪನಿಯ ವಕೀಲರು ನಕ್ಕರು. “ಭಟ್ಟರೇ, ನಿಮ್ಮ ಹಳ್ಳಿ ಮನೇಲಿ ಸಿಗ್ನಲ್ ಭರ್ತಿ ಇದೆ. ಇಲ್ಲ ಅನ್ನೋದಕ್ಕೆ ಸಾಕ್ಷಿ ಯಾರು? ನಿಮ್ಮ ಸಾರಿನ ಸೌಟೇ?”

“ಒಬ್ಬಳು ಹೆಣ್ಣುಮಗಳಿದ್ದಾಳೆ ಸ್ವಾಮಿ, ನಿಮ್ಮ ಕಂಪನಿಯವಳೇ. ನನ್ನ ಹೆಂಡತಿ ಈಗ ಮನೇಲೇ ಫೋನು ಹಿಡಿದು ಕೂತಿದ್ದಾಳೆ. ಎಲ್ಲರಿಗೂ ಕೇಳೋ ಹಾಗೆ ಒಂದು ಕರೆ ಮಾಡಿ.”

ನ್ಯಾಯಾಧೀಶರು ತಲೆಯಾಡಿಸಿದರು. ವಕೀಲರು ನಂಬರು ಒತ್ತಿದರು.

“ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ,” ಎಂದಿತು ಹೆಣ್ಣುದನಿ.

ಸಭೆ ಗೊಳ್ಳೆಂದಿತು. ವಕೀಲರು ಬೆವರೊರೆಸಿಕೊಂಡು ಮತ್ತೆ ಒತ್ತಿದರು. ಮತ್ತೆ ಅದೇ ಮಾತು.

“ಸಾಕು, ಕೂತ್ಕೊಳ್ಳಿ,” ಎಂದರು ನ್ಯಾಯಾಧೀಶರು.

ಭಟ್ಟ ಮಾತ್ರ ನಗಲಿಲ್ಲ. “ಪಾಪ, ಅವಳು ಸುಳ್ಳು ಹೇಳೋಳಲ್ಲ. ಅಮ್ಮ ಹೋದ ದಿನವೂ ಹನ್ನೊಂದು ಸಲ ಇದನ್ನೇ ಹೇಳಿದಳು. ಅವಳ ಮಾತು ನಂಬಿ ಆಗಲೇ ಬಸ್ಸು ಹತ್ತಬೇಕಿತ್ತು; ನಿಮ್ಮ ಕಂಪನಿ ಮಾತು ನಂಬಿ ನಂಬರು ಒತ್ತುತ್ತಾ ಕೂತೆ.”